ಆ ಸ್ವೆಟರ್ ಎಲ್ಲಿಗೆ ಹೋಗುತ್ತದೆ?

ಕೆಲವು ವರ್ಷಗಳ ಹಿಂದಿನ ಮಾತು. ನಾನು ನೋಡಿಕೊಳ್ಳುತ್ತಿದ್ದ ಶಾಲೆಯ ಸೇವಾ ಕ್ಲಬ್ ಮಕ್ಕಳು ಹಳೇ ಬಟ್ಟೆ ಒಟ್ಟು ಮಾಡಿದ್ದರು. ಒಂದು ಕೋಣೆ ತುಂಬಾ ಬಟ್ಟೆ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಕೂತು, ಅಂಗಿ ಒಂದು ಕಡೆ, ಪ್ಯಾಂಟ್ ಒಂದು ಕಡೆ, ಹರಿದದ್ದು ಬಾಗಿಲ ಹತ್ತಿರ ಅಂತ ಬೇರೆ ಮಾಡುತ್ತಿದ್ದೆವು. ಎಂಟನೇ ತರಗತಿಯ ಒಬ್ಬಳು ಹುಡುಗಿ ದಪ್ಪ ಉಣ್ಣೆಯ ಸ್ವೆಟರ್ ಒಂದನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು. ಮೊಣಕೈ ಹತ್ತಿರ ನೂಲು ಬಿಟ್ಟಿತ್ತು. ಕಾಲರ್ ಒಳಗೆ ಯಾರೋ ಒಂದು ಮಗುವಿನ ಹೆಸರನ್ನು ಕೆಂಪು ದಾರದಲ್ಲಿ ಹೊಲಿದಿದ್ದರು.

"ಮೇಡಂ, ಇದು ಹೋಗೋ ಊರಲ್ಲಿ ಚಳಿ ಇರುತ್ತಾ?" ಅಂದಳು.

ನನಗೆ ಗೊತ್ತಿರಲಿಲ್ಲ. ಅದು ಹೋಗುವುದು ಯಾವ ಊರಿಗೆ ಅನ್ನೋದೇ ಗೊತ್ತಿರಲಿಲ್ಲ. ಬಟ್ಟೆ ಒಯ್ಯುವ ಸಂಸ್ಥೆಯವರು "ಅಗತ್ಯ ಇರುವವರಿಗೆ ಮುಟ್ಟಿಸುತ್ತೇವೆ" ಎಂದಿದ್ದರು. ನಾವು ಅದಕ್ಕಿಂತ ಮುಂದೆ ಕೇಳಿರಲಿಲ್ಲ. ಅಟ್ಲಾಸ್ ತೆಗೆಯಲು ಕೂಡ ಊರಿನ ಹೆಸರು ಬೇಕಲ್ವಾ?

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟ ಮಕ್ಕಳು ಮೂರು ತಿಂಗಳಲ್ಲಿ ಕಲಿತದ್ದನ್ನು ನಾನು ಪಾಠ ಮಾಡಿ ಮೂರು ವರ್ಷದಲ್ಲೂ ಕಲಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾನವಾಗಿ ಕೊಟ್ಟ ಹಳೇ ಬಟ್ಟೆಯಲ್ಲಿ ತುಂಬಾ ಭಾಗ ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಅದು ಮೂಟೆಯಾಗಿ ಹಡಗು ಹತ್ತಿ ಬೇರೆ ದೇಶದ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಇಂಥ ಬಟ್ಟೆಗೆ 'ಮಿತುಂಬ' ಅಂತಲೇ ಹೆಸರು. ಸ್ವಾಹಿಲಿ ಭಾಷೆಯಲ್ಲಿ ಮೂಟೆಗಳು ಅಂತ ಅರ್ಥ. ಅಲ್ಲಿನ ದೇಶಗಳು 2016ರಲ್ಲಿ ಸೇರಿ, ಈ ಆಮದನ್ನು ಹಂತ ಹಂತವಾಗಿ ನಿಲ್ಲಿಸೋಣ, ನಮ್ಮಲ್ಲೇ ಬಟ್ಟೆ ತಯಾರಾಗಲಿ ಎಂದು ಮಾತಾಡಿಕೊಂಡವು. ಅಮೆರಿಕದ ಹಳೇ ಬಟ್ಟೆ ವ್ಯಾಪಾರಿಗಳು ತಮ್ಮ ಸರ್ಕಾರಕ್ಕೆ ದೂರು ಕೊಟ್ಟರು. ಕೀನ್ಯಾ ಹಿಂದೆ ಸರಿಯಿತು. ರುವಾಂಡಾ ಮಾತ್ರ ಪಟ್ಟು ಬಿಡಲಿಲ್ಲ. ಕಿಲೋಗೆ 20 ಸೆಂಟ್ ಇದ್ದ ಸುಂಕವನ್ನು ಅದು ಎರಡೂವರೆ ಡಾಲರಿಗೆ ಏರಿಸಿತ್ತು. ಕೊನೆಗೆ 2018ರಲ್ಲಿ, ರುವಾಂಡಾದ ಉಡುಪುಗಳು ಸುಂಕವಿಲ್ಲದೆ ಅಮೆರಿಕಕ್ಕೆ ಬರುವ ಅನುಕೂಲವನ್ನು ಅಮೆರಿಕ ತಡೆಹಿಡಿಯಿತು.

ಒಂದು ಹಳೇ ಸ್ವೆಟರಿನ ಹಿಂದೆ ಇಷ್ಟೆಲ್ಲಾ ಇದೆ. ಸುಂಕ, ಆಮದು, ವ್ಯಾಪಾರ ಒಪ್ಪಂದ, ದೊಡ್ಡ ದೇಶ ಸಣ್ಣ ದೇಶದ ಮೇಲೆ ಹೇಗೆ ಒತ್ತಡ ಹಾಕುತ್ತದೆ ಅನ್ನೋದು. ಇದೇ ಪದಗಳು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬಂದಾಗ ಮಕ್ಕಳು ಆಕಳಿಸುತ್ತಾರೆ. ಇಲ್ಲಿ ಜಗಳಕ್ಕೇ ನಿಂತರು! ಆಮದು ನಿಲ್ಲಿಸಿದ್ದು ಸರಿ, ಇಲ್ಲದಿದ್ದರೆ ಅಲ್ಲಿನ ದರ್ಜಿಗಳು ಬದುಕುವುದು ಹೇಗೆ ಅಂತ ಅರ್ಧ ಜನ. ಆ ಮೂಟೆ ಬಿಚ್ಚಿ ಮಾರಿಯೇ ಹೊಟ್ಟೆ ಹೊರೆಯುವವರ ಗತಿ ಏನು ಅಂತ ಇನ್ನರ್ಧ ಜನ. ನಾನು ಯಾರು ಸರಿ ಅಂತ ಹೇಳಲಿಲ್ಲ. ಇವತ್ತಿಗೂ ನನಗೆ ಅದಕ್ಕೆ ಒಂದೇ ಉತ್ತರ ಇದೆ ಅನ್ನಿಸುವುದಿಲ್ಲ.

ನನ್ನ ಮಾತು ಇಷ್ಟೇ. ಮಕ್ಕಳಿಗೆ ಪ್ರಪಂಚದ ಆಗುಹೋಗು ಅರ್ಥ ಮಾಡಿಸಲು ಶಾಲೆಯ ಕ್ಲಬ್ ಮತ್ತು ಸೇವಾ ಕೆಲಸಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಕೊಟ್ಟ ವಸ್ತುವಿನ ಹಿಂದೆ ಅವರನ್ನು ಕೊನೆಯವರೆಗೂ ಹೋಗಲು ಬಿಡಬೇಕು. ನಾವು ಮಾತ್ರ ಅವರನ್ನು ಗೇಟಿನ ಹತ್ತಿರವೇ ನಿಲ್ಲಿಸಿ, ಫೋಟೋ ತೆಗೆದು, ಪ್ರಮಾಣಪತ್ರ ಕೊಟ್ಟು ಕಳಿಸುತ್ತಿದ್ದೇವೆ.

ಫೋಟೋ ವಿಷಯ ಬಂತು, ಹೇಳಿಬಿಡುತ್ತೇನೆ. ಒಂದು ಪೆಟ್ಟಿಗೆಯನ್ನು ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಹಿಡಿದುಕೊಂಡು ಕ್ಯಾಮೆರಾ ನೋಡುವ ಫೋಟೋ ನನಗೆ ಸಹಿಸಲು ಆಗುವುದಿಲ್ಲ. ತೆಗೆದುಕೊಳ್ಳುವ ಮಗುವಿನ ಮುಖ ಒಮ್ಮೆ ಸರಿಯಾಗಿ ನೋಡಿ. ಅದೇ ವಯಸ್ಸಿನ ಇನ್ನೊಂದು ಮಗುವಿನ ಮುಂದೆ ಕೈ ಚಾಚಿ ನಿಲ್ಲುವುದು ಎಷ್ಟು ಕಷ್ಟ ಅಂತ ಅಲ್ಲೇ ಕಾಣುತ್ತದೆ. ನಮ್ಮ ಕ್ಲಬ್‌ನಲ್ಲಿ ಅಂಥ ಫೋಟೋ ನಿಲ್ಲಿಸಿದೆವು. ಒಂದಿಬ್ಬರು ಪೋಷಕರು ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ಸೇವೆಯ ಜೊತೆಗೇ ಪ್ರಪಂಚವನ್ನು ಅರ್ಥ ಮಾಡಿಸುವುದು ನಾನು ಹೊಸದಾಗಿ ಕಂಡುಹಿಡಿದ ವಿಚಾರ ಅಲ್ಲ. ರೋಟರಿಯವರ ಇಂಟರಾಕ್ಟ್ ಕ್ಲಬ್ 1962ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಹೈಸ್ಕೂಲಿನಿಂದ ಶುರುವಾಯಿತು. 12ರಿಂದ 18 ವರ್ಷದವರಿಗಾಗಿ ಇರುವ ಕ್ಲಬ್. ವರ್ಷಕ್ಕೆ ಎರಡು ಕೆಲಸ ಮಾಡಬೇಕು ಅಂತ ಅದರ ಕ್ರಮ. ಒಂದು ತಮ್ಮ ಶಾಲೆಗೋ ಊರಿಗೋ ಆಗಬೇಕು. ಇನ್ನೊಂದು ಬೇರೆ ದೇಶದವರನ್ನು ಅರ್ಥ ಮಾಡಿಕೊಳ್ಳುವಂಥದ್ದು ಆಗಬೇಕು. ಮೊದಲನೆಯದು ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ. ಎರಡನೆಯದು ಬಹಳ ಸಲ ಧ್ವಜಗಳ ಚಿತ್ರ ಬಿಡಿಸಿ ಗೋಡೆಗೆ ಅಂಟಿಸುವುದರಲ್ಲೇ ಮುಗಿದುಹೋಗುತ್ತದೆ. ನನ್ನ ಪ್ರಕಾರ ಅವೆರಡೂ ಬೇರೆ ಬೇರೆ ಕೆಲಸ ಅಲ್ಲವೇ ಅಲ್ಲ.

ಕೆನಡಾದ ರಯಾನ್ ಹ್ರೆಲ್ಜಾಕ್ ಕಥೆ ನನ್ನ ಮಕ್ಕಳಿಗೆ ತುಂಬಾ ಇಷ್ಟ. 1998ರಲ್ಲಿ ಅವನಿಗೆ ಆರು ವರ್ಷ. ಕೆಲವು ಕಡೆ ಮಕ್ಕಳು ನೀರಿಗಾಗಿ ಮೈಲುಗಟ್ಟಲೆ ನಡೆಯುತ್ತಾರೆ, 70 ಡಾಲರ್ ಇದ್ದರೆ ಒಂದು ಬಾವಿ ಆಗುತ್ತದೆ ಅಂತ ಟೀಚರ್ ಹೇಳಿದ್ದು ಅವನ ಮನಸ್ಸಿಗೆ ನಾಟಿತು. ಮನೆಗೆಲಸ ಮಾಡಿ ಮಾಡಿ 70 ಡಾಲರ್ ಕೂಡಿಸಿದ. ಹಣ ತೆಗೆದುಕೊಂಡು ಹೋದರೆ, ಇದು ಕೈಪಂಪಿಗೆ ಮಾತ್ರ ಸಾಕು, ಬಾವಿ ಕೊರೆಸಲು 2000 ಡಾಲರ್ ಬೇಕು ಅಂದರು. ಹಾಗಾದರೆ ಇನ್ನಷ್ಟು ಕೆಲಸ ಮಾಡುತ್ತೇನೆ ಅಂದ. 1999ರಲ್ಲಿ ಉಗಾಂಡಾದ ಉತ್ತರ ಭಾಗದಲ್ಲಿ ಅಂಗೋಲೊ ಅನ್ನುವ ಊರಿನ ಪ್ರಾಥಮಿಕ ಶಾಲೆ ಹತ್ತಿರ ಬಾವಿ ಆಯಿತು. ಮರುವರ್ಷ ಅವನೇ ಅಲ್ಲಿಗೆ ಹೋಗಿ ನೋಡಿಬಂದ.

ಈ ಕಥೆ ಹೇಳಿದಾಗ ಎಲ್ಲರೂ ಆ ಹುಡುಗನ ಒಳ್ಳೆಯ ಮನಸ್ಸಿನ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು. ಆದರೆ ನನಗೆ ಮುಖ್ಯ ಅನ್ನಿಸುವುದು 70 ಮತ್ತು 2000ದ ನಡುವಿನ ವ್ಯತ್ಯಾಸ. ಬಾವಿ ಅಂದರೆ ಪಂಪ್ ಮಾತ್ರ ಅಲ್ಲ, ಕೊರೆಯುವ ಯಂತ್ರ ಬೇಕು, ಅದನ್ನು ನಡೆಸುವವರು ಬೇಕು, ಕೆಟ್ಟಾಗ ರಿಪೇರಿ ಮಾಡುವವರು ಆ ಊರಲ್ಲೇ ಇರಬೇಕು ಅಂತ ಒಂದು ಮಗುವಿಗೆ ಗೊತ್ತಾಗುವ ಜಾಗ ಅದು.

ಅದಕ್ಕೇ ಈ ಕಥೆಯ ಜೊತೆಗೆ ಸೋತುಹೋದ ಇನ್ನೊಂದು ಕಥೆಯನ್ನೂ ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 'ಪ್ಲೇಪಂಪ್' ಅಂತ ಒಂದು ಬಂತು. ಮಕ್ಕಳು ಆಡುವ ತಿರುಗುಚಕ್ರ, ಅದು ತಿರುಗಿದರೆ ನೆಲದಡಿಯ ನೀರು ಮೇಲಕ್ಕೆ ಬರುತ್ತದೆ. ಕೇಳಿದರೆ ಯಾರಿಗೆ ಖುಷಿಯಾಗಲ್ಲ? 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ಕೆಲವು ಪ್ರತಿಷ್ಠಾನಗಳು ಸೇರಿ ಇದಕ್ಕೆ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದವು. 2010ರ ಹೊತ್ತಿಗೆ 4000 ಪಂಪ್ ಹಾಕುವ ಗುರಿ. ಆದರೆ ಮಕ್ಕಳು ದಿನವಿಡೀ ಆಡುವುದಿಲ್ಲ. ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರು, ವಯಸ್ಸಾದವರು ಆ ಚಕ್ರವನ್ನು ಬಗ್ಗಿ ತಳ್ಳಬೇಕಾಯಿತು. ಸಾಮಾನ್ಯ ಕೈಪಂಪಿಗಿಂತ ಖರ್ಚು ಎಷ್ಟೋ ಜಾಸ್ತಿ, ಕೆಟ್ಟರೆ ರಿಪೇರಿ ಕಷ್ಟ. ಗುರಿ ಮುಟ್ಟುವ ಮೊದಲೇ ಆ ಯೋಜನೆ ನಿಂತಿತು. "ಅಲ್ಲಿನವರನ್ನು ಮೊದಲೇ ಕೇಳಬಹುದಿತ್ತಲ್ವಾ?" ಅಂತ ನಮ್ಮ ಕ್ಲಬ್‌ನ ಒಬ್ಬ ಹುಡುಗ ಕೇಳಿದ. ಹೌದು, ಕೇಳಬಹುದಿತ್ತು.

ಮಕ್ಕಳಿಗೆ ಸೋತ ಕಥೆ ಹೇಳಿದರೆ ಸಹಾಯ ಮಾಡುವ ಮನಸ್ಸೇ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ನನ್ನ ಅನುಭವ ಹಾಗಿಲ್ಲ. ಮಕ್ಕಳು ಇನ್ನೂ ಎಚ್ಚರದಿಂದ, ಇನ್ನೂ ಆಸೆಯಿಂದ ಕೆಲಸಕ್ಕೆ ಇಳಿಯುತ್ತಾರೆ.

ಇನ್ನು ಮಾದರಿ ವಿಶ್ವಸಂಸ್ಥೆ, ಎಂಯುಎನ್. ಮಕ್ಕಳು ಒಂದೊಂದು ದೇಶದ ಪರವಾಗಿ ಕೂತು ವಿಶ್ವಸಂಸ್ಥೆಯ ಸಭೆಯ ಹಾಗೆ ಚರ್ಚೆ ಮಾಡುವ ಆಟ. ಅದು ಸುಮ್ನೆ ಕೋಟು ಹಾಕಿಕೊಂಡು ಇಂಗ್ಲಿಷ್ ಮಾತಾಡುವ ಸ್ಪರ್ಧೆ ಅಂತ ನನಗೂ ಮೊದಲು ಅನ್ನಿಸುತ್ತಿತ್ತು. ಕೆಲವು ಕಡೆ ಹಾಗೇ ನಡೆಯುತ್ತದೆ ಕೂಡ. ಆದರೆ ಒಂದು ಸಲ ನಮ್ಮಲ್ಲಿ ಭದ್ರತಾ ಮಂಡಳಿಯ ಆಟ ಇಟ್ಟುಕೊಂಡಿದ್ದೆವು. 15 ಮಕ್ಕಳು, 15 ದೇಶ. ಒಂದು ಕಡೆ ಯುದ್ಧ ನಿಲ್ಲಿಸಬೇಕು ಅನ್ನುವ ನಿರ್ಣಯವನ್ನು ಎರಡು ದಿನ ಕೂತು ಬರೆದಿದ್ದರು. ಒಂಬತ್ತು ಮತ ಬಿದ್ದರೆ ಸಾಕು, ಹದಿನಾಲ್ಕು ಬಿತ್ತು. ಕಾಯಂ ಸದಸ್ಯ ದೇಶವೊಂದರ ಪರವಾಗಿ ಕೂತಿದ್ದ ಹುಡುಗ ಮಾತ್ರ ವಿರುದ್ಧ ಕೈ ಎತ್ತಿದ. ಆ ದೇಶ ನಿಜವಾಗಿ ಏನು ಮಾಡುತ್ತಿತ್ತೋ ಅದನ್ನೇ ಓದಿಕೊಂಡು ಬಂದು ಮಾಡಿದ್ದ. ನಿರ್ಣಯ ಬಿದ್ದುಹೋಯಿತು. ಕೋಣೆ ಒಂದು ನಿಮಿಷ ಸುಮ್ಮನಾಯಿತು. ಅವನ ಪಕ್ಕದಲ್ಲಿ ಕೂತಿದ್ದ ಗೆಳೆಯ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. "ಹದಿನಾಲ್ಕು ಜನ ಹೂಂ ಅಂದರೂ ಆಗಲ್ವಾ?" ಅಂತ ಹಿಂದಿನಿಂದ ಯಾರೋ ಕೇಳಿದರು. ಐದು ಕಾಯಂ ಸದಸ್ಯ ದೇಶಗಳಿಗೆ ವೀಟೊ, ಅಂದರೆ ಒಬ್ಬರೇ ಬೇಡ ಅಂದರೂ ನಿರ್ಣಯ ಬೀಳಿಸುವ ಅಧಿಕಾರ ಇದೆ ಅಂತ ಎಲ್ಲರೂ ಪರೀಕ್ಷೆಗೆ ಬರೆದಿದ್ದ ಮಕ್ಕಳೇ. ಅದು ಎಷ್ಟು ಭಾರ ಅಂತ ಗೊತ್ತಾದದ್ದು ಅವತ್ತು.

ಇನ್ನೊಂದು ವರ್ಷ ಒಬ್ಬಳಿಗೆ ಟುವಾಲು ಬಂತು. ಚಿಕ್ಕ ದೇಶ ಬಂತು ಅಂತ ಅವಳಿಗೆ ಬೇಸರ. ಹತ್ತು ಸಾವಿರದಷ್ಟು ಜನ ಇರುವ, ಸಮುದ್ರ ಏರಿದರೆ ಮುಳುಗುವ ಹೆದರಿಕೆಯಲ್ಲಿರುವ ದ್ವೀಪದೇಶ ಅದು. 2021ರ ಹವಾಮಾನ ಸಮಾವೇಶಕ್ಕಾಗಿ ಅಲ್ಲಿನ ಮಂತ್ರಿ ಸೈಮನ್ ಕೋಫೆ ಮೊಣಕಾಲು ಮುಳುಗುವಷ್ಟು ಸಮುದ್ರದ ನೀರಲ್ಲಿ ನಿಂತು ಭಾಷಣ ಮಾಡಿದ್ದನ್ನು ನೋಡಿದ ಮೇಲೆ ಅವಳ ಬೇಸರ ಎಲ್ಲೋ ಹೋಯಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಇರುವ 193 ದೇಶಗಳಿಗೂ ಒಂದೊಂದೇ ಮತ, ನನ್ನದೂ ಒಂದು ಅಂತ ಎದ್ದು ನಿಂತು ಹೇಳಿದಳು.

ಇದೆಲ್ಲ ರಾಜಕೀಯ, ಶಾಲೆಯಲ್ಲಿ ಬೇಡ ಅನ್ನುವವರಿಗೆ ನಾನು ಇಕ್ಬಾಲ್ ಮಸೀಹ್‌ನ ನೆನಪು ಮಾಡುತ್ತೇನೆ. ಪಾಕಿಸ್ತಾನದಲ್ಲಿ ನಾಲ್ಕನೇ ವಯಸ್ಸಿಗೇ ಸಾಲಕ್ಕಾಗಿ ರತ್ನಗಂಬಳಿ ನೇಯುವ ಜೀತಕ್ಕೆ ಬಿದ್ದು, ತಪ್ಪಿಸಿಕೊಂಡು, ಬೇರೆ ಮಕ್ಕಳ ಪರವಾಗಿ ಮಾತಾಡಿದ ಹುಡುಗ. 1994ರ ಕೊನೆಯಲ್ಲಿ ಅಮೆರಿಕದ ಕ್ವಿನ್ಸಿ ಅನ್ನುವ ಊರಿನ ಒಂದು ಶಾಲೆಗೆ ಬಂದು ಅಲ್ಲಿನ ಮಕ್ಕಳ ಜೊತೆ ಕೂತು ಮಾತಾಡಿ ಹೋಗಿದ್ದ. ಮರುವರ್ಷ ಏಪ್ರಿಲ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ಶಾಲೆಯ ಮಕ್ಕಳು ಪತ್ರ ಬರೆದು, ಹಣ ಕೂಡಿಸಿ, ಅವನ ಹೆಸರಲ್ಲಿ ಪಾಕಿಸ್ತಾನದ ಕಸೂರ್‌ನಲ್ಲಿ ಶಾಲೆ ಆಗುವಂತೆ ಮಾಡಿದರು. ತಮ್ಮ ವಯಸ್ಸಿನವನೇ ಒಬ್ಬ ತಮ್ಮ ತರಗತಿಗೆ ಬಂದು ಹೋದ ಮೇಲೆ ಬಾಲಕಾರ್ಮಿಕ ಪದ್ಧತಿ ಅವರಿಗೆ ಬರೀ ಪಾಠವಾಗಿ ಉಳಿಯಲಿಲ್ಲ. ಇದನ್ನು ರಾಜಕೀಯ ಅಂತ ಬಾಗಿಲ ಹೊರಗೆ ಇಡಬೇಕಿತ್ತಾ?

ಟೀಚರ್‌ಗಳಿಗೆ ಒಂದೇ ಕೋರಿಕೆ. ವರ್ಷಕ್ಕೆ ಹತ್ತು ಕಾರ್ಯಕ್ರಮ ಮಾಡಬೇಡಿ, ಒಂದೇ ಮಾಡಿ. ಲೆಕ್ಕದ ಪುಸ್ತಕ ಮಕ್ಕಳ ಕೈಗೇ ಕೊಡಿ. ಎಷ್ಟು ಬಂತು, ಸಾಗಿಸಲು ಎಷ್ಟು ಹೋಯಿತು, ಕೊನೆಗೆ ಯಾರ ಕೈಗೆ ಎಷ್ಟು ಸೇರಿತು ಅಂತ ಅವರೇ ಬರೆಯಲಿ. ಉತ್ತರ ಸಿಗದ ಕಡೆ ಖಾಲಿ ಬಿಟ್ಟು, ಯಾಕೆ ಸಿಗಲಿಲ್ಲ ಅಂತ ಕೇಳಲಿ.

ಸ್ವೆಟರ್ ಹಿಡಿದು ಕೂತಿದ್ದ ಆ ಹುಡುಗಿ ಮುಂದಿನ ವರ್ಷ ಕ್ಲಬ್‌ನ ಕಾರ್ಯದರ್ಶಿ ಆದಳು. ಬಟ್ಟೆ ಒಟ್ಟು ಮಾಡುವ ಮೊದಲೇ, ನಿರಾಶ್ರಿತರ ಮಧ್ಯೆ ಕೆಲಸ ಮಾಡುವ ಒಂದು ಸಣ್ಣ ಗುಂಪಿಗೆ ಪತ್ರ ಬರೆದು, ನಿಮಗೆ ಏನು ಬೇಕು ಅಂತ ಕೇಳಿದಳು. ಮೂರು ವಾರ ಉತ್ತರ ಬರಲಿಲ್ಲ. ಬಂದದ್ದು ನಾಲ್ಕೇ ಸಾಲು. ಬಟ್ಟೆ ಕಳಿಸಬೇಡಿ, ಇಲ್ಲಿ ಹೊಲಿಯುವವರು ತುಂಬಾ ಜನ ಇದ್ದಾರೆ, ಅವರಿಗೆ ಕೆಲಸ ಇಲ್ಲ, ಆದರೆ ಎರಡು ಹೊಲಿಗೆ ಯಂತ್ರಕ್ಕೆ ಸಹಾಯ ಮಾಡಿ ಅಂತ. ಅವಳು ಅದನ್ನು ಎಲ್ಲರಿಗೂ ಎರಡು ಸಲ ಓದಿ ಹೇಳಿದಳು. ಆಮೇಲೆ ಬೋರ್ಡಿನ ಮೇಲೆ 'ಹಳೇ ಬಟ್ಟೆ ಸಂಗ್ರಹ' ಅಂತ ಬರೆದಿದ್ದನ್ನು ಒರೆಸಿ, ಯಂತ್ರ ಕೆಟ್ಟರೆ ಅಲ್ಲಿ ರಿಪೇರಿ ಮಾಡುವವರು ಇದ್ದಾರಾ ಅಂತ ಇನ್ನೊಂದು ಪತ್ರ ಬರೆಯಲು ಕೂತಳು.