ಜನ ಕಮ್ಮಿ ಇರುವುದಲ್ಲ, ಚದುರಿರುವುದು ಕಾರಣ

ಮಲೆನಾಡಿನ ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಜನ ಕಮ್ಮಿ, ಅದಕ್ಕೇ ರಸ್ತೆಯಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಅಷ್ಟೇ ಅಲ್ಲ. ಜನಗಣತಿ ಲೆಕ್ಕ ಕಂದಾಯ ಗ್ರಾಮದ್ದು. ಹಳ್ಳಿ ರಸ್ತೆಗಳ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ನೋಡುವುದು ಜನವಸತಿಯನ್ನು, ಅಂದರೆ ಒಟ್ಟಿಗಿರುವ ಮನೆಗಳ ಗುಂಪನ್ನು. ಇಲ್ಲಿಗೂ ಅನ್ವಯಿಸುವ ಬಯಲು ಪ್ರದೇಶದ ಮಾನದಂಡ 500 ಜನ, ಅದೂ 500 ಮೀಟರ್ ಫಾಸಲೆಯೊಳಗಿನ ಮನೆಗಳನ್ನಷ್ಟೇ ಕೂಡಿಸಿ. ಕಡೂರು, ಅರಸೀಕೆರೆ ಕಡೆ ಊರು ಒತ್ತಾಗಿರುತ್ತದೆ, ಲೆಕ್ಕ ಸುಲಭ. ಮಲೆನಾಡಿನಲ್ಲಿ ಒಂದೊಂದು ಮನೆ ಒಂದೊಂದು ತೋಟದೊಳಗೆ, ನಡುವೆ ಗದ್ದೆ, ಹಳ್ಳ. ತೋಟದ ಕೂಲಿಯವರ ಸಾಲುಮನೆಗಳು (ಲೈನ್ ಮನೆಗಳು) ಇನ್ನೊಂದು ಮೂಲೆಗೆ. ಗ್ರಾಮದಲ್ಲಿ ಸಾವಿರ ಜನರಿದ್ದರೂ ಯಾವ ಗುಂಪೂ 500 ಮುಟ್ಟದೆ ಹೋಗಬಹುದು. ಇದು ನಿಜಕ್ಕೂ ಅನ್ಯಾಯ.

ರಸ್ತೆ ಆದರೂ ಮೋರಿ ಸಣ್ಣದಿದ್ದರೆ ಜುಲೈ ಮಳೆಗೆ ತರಗೆಲೆ ಕಟ್ಟಿಕೊಂಡು ನೀರು ಡಾಂಬರಿನ ಮೇಲೆ ಹರಿಯುತ್ತದೆ, ಅಂಚು ಕೊರೆದುಹೋಗುತ್ತದೆ. ಬಸ್ ಸಂಚಾರ ನಿಂತುಹೋಗುವುದು ಆಗಲೇ. ರಸ್ತೆ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಮೋರಿಯ ಅಳತೆ, ಪಕ್ಕದ ಚರಂಡಿ ಎರಡನ್ನೂ ಮೊದಲು ನೋಡಿ.