ಎಂ.ಎಸ್. ಸುಬ್ಬುಲಕ್ಷ್ಮಿ ಯಾವ ಅಕ್ಷರಕ್ಕೆ ಬರ್ತಾರೆ?

ರಾತ್ರಿ ಊಟ ಆದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಆಟ ನಡೆಯುತ್ತದೆ. ಅಕ್ಷರಮಾಲೆ ಹಿಡಿದು ಶಾಸ್ತ್ರೀಯ ಸಂಗೀತದ ಕ್ವಿಜ್. ದಿನಕ್ಕೊಂದು ಅಕ್ಷರ, ದಿನಕ್ಕೊಬ್ಬರು ಪ್ರಶ್ನೆ ಕೇಳುವವರು. ರಾಗ, ಕೃತಿ, ತಾಳ, ವಾದ್ಯ, ಕಲಾವಿದರು, ಏನು ಬೇಕಾದರೂ ಕೇಳಬಹುದು. ಉತ್ತರ ಮಾತ್ರ ಅವತ್ತಿನ ಅಕ್ಷರದಿಂದಲೇ ಶುರುವಾಗಬೇಕು. ಗೂಗಲ್ ಮಾಡುವ ಹಾಗಿಲ್ಲ. ರಾಗದ ಹೆಸರು ಹೇಳಿದವರು ಆ ರಾಗದಲ್ಲಿ ಒಂದು ಸಾಲಾದರೂ ಹಾಡಿ ವಾಯ್ಸ್ ಮೆಸೇಜ್ ಹಾಕಬೇಕು. ಗಂಟಲು ಹೇಗಿದ್ದರೂ ನಡೆಯುತ್ತದೆ.

ಗುಂಪಿನಲ್ಲಿ ಸಾಗರದ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ತೀರ್ಥಹಳ್ಳಿ ಕಡೆಯ ಒಬ್ಬರು ಅಕ್ಕ ಇದ್ದಾರೆ, ಶಿವಮೊಗ್ಗದ ನಾವು ಕೆಲವರು, ಹೊರದೇಶಕ್ಕೆ ಹೋದ ಒಂದಿಬ್ಬರು ಹುಡುಗರು. ಒಬ್ಬರ ಮುಖ ಒಬ್ಬರು ನೋಡದವರೇ ಜಾಸ್ತಿ. ಅಡಿಕೆ ಸುಲಿಯುವ ಕಾಲದಲ್ಲಿ ಅಕ್ಕನ ವಾಯ್ಸ್ ಮೆಸೇಜಿನಲ್ಲಿ ಹಾಡಿನ ಜೊತೆ ಮೆಟ್ಟುಗತ್ತಿಯ ಸದ್ದೂ ಬರುತ್ತದೆ. ತಾಳ ಒಂದಿಷ್ಟೂ ತಪ್ಪಿರುವುದಿಲ್ಲ.

ಈಗ ಗುಂಪಿನಲ್ಲಿ ಒಂದು ಹೊಸ ಸಲಹೆ ಬಂದಿದೆ. ಕನ್ನಡ ಅಕ್ಷರಮಾಲೆ ಉದ್ದ ಆಯಿತು, ಇಂಗ್ಲಿಷಿನ 26 ಅಕ್ಷರ ಇಟ್ಟುಕೊಳ್ಳೋಣ, ಒಂದು ತಿಂಗಳೊಳಗೆ ಒಂದು ಸುತ್ತು ಮುಗಿಯುತ್ತದೆ ಅಂತ. ನಾನು ಇದಕ್ಕೆ ಪೂರ್ತಿ ವಿರೋಧ. ಗುಂಪಿನಲ್ಲಿ ಬರೆಯಲು ಹೋದೆ, ಉದ್ದವಾಯಿತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷಿನಲ್ಲಿ ಬರೆದರೆ ತೋಡಿ, ಟಪ್ಪಾ, ಠುಮ್ರಿ, ಥಾಟ್ ನಾಲ್ಕೂ ಒಂದೇ ಅಕ್ಷರಕ್ಕೆ ಬಂದು ಬೀಳುತ್ತವೆ. ದರ್ಬಾರ್, ಧನ್ಯಾಸಿ, ಢೋಲಕ್ ಕಥೆಯೂ ಅಷ್ಟೇ. ನಮ್ಮ ಲೆಕ್ಕದಲ್ಲಿ ಠುಮ್ರಿಗೆ ಒಂದು ದಿನ, ತೋಡಿಗೆ ಇನ್ನೊಂದು ದಿನ. ಠ ದಿನ ತಲೆ ಕೆರೆದುಕೊಂಡು ಕೂತಾಗಲೇ ಅಲ್ವಾ, ಹಳೆಯ ಕಾಲದಲ್ಲಿ ಗೀತ, ಆಲಾಪ, ಪ್ರಬಂಧದ ಜೊತೆ ಠಾಯ ಅಂತ ಒಂದು ಸಂಗೀತ ಪ್ರಕಾರ ಇತ್ತು ಎಂದು ಮೇಷ್ಟ್ರು ನೆನಪು ಮಾಡಿದ್ದು? ಸುಲಭದ ಅಕ್ಷರ ಇದ್ದಿದ್ದರೆ ಎಲ್ಲರೂ ಮೋಹನ, ಕಲ್ಯಾಣಿ ಎಂದು ಹೇಳಿ ಮಲಗುತ್ತಿದ್ದೆವು. ಇನ್ನು ಣ, ಳ ದಿನಗಳಲ್ಲಿ ಅಕ್ಷರ ಹೆಸರಿನ ಎಲ್ಲಿ ಬಂದರೂ ಸರಿ ಎಂದು ಮೊದಲೇ ಮಾಡಿಕೊಂಡಿದ್ದೇವೆ. ಹಿಂದೋಳಕ್ಕೆ ಅವತ್ತು ಹಬ್ಬ.

ಇಂಗ್ಲಿಷ್ ಅಕ್ಷರ ಈಗಾಗಲೇ ನಮಗೆ ಕೊಟ್ಟಿರುವ ಕಾಟ ಸಾಲದೇ? ಇನಿಷಿಯಲ್ ಜಗಳ ನೋಡಿ. ಎಂ.ಎಸ್. ಸುಬ್ಬುಲಕ್ಷ್ಮಿ, ಎಂ.ಎಲ್. ವಸಂತಕುಮಾರಿ, ಎಂ. ಬಾಲಮುರಳಿಕೃಷ್ಣ, ಎಸ್. ಬಾಲಚಂದರ್, ಎನ್. ರಮಣಿ. ಬರೆದ ಹಾಗೆ ತಗೊಂಡರೆ ಅರ್ಧ ಕರ್ನಾಟಕ ಸಂಗೀತ ಕನ್ನಡದ ಎ ಅಕ್ಷರದಲ್ಲೇ ಕೂತುಬಿಡುತ್ತದೆ. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಆ ಅಕ್ಷರಕ್ಕೆ! ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಟಿ ಎಂದರೆ ತಿರುಮಕೂಡಲು. ಅವರು ಟ ಅಲ್ಲ, ತ ಆಗಬೇಕು. ಊರಿನ ಹೆಸರನ್ನು ಬಿಡಿಸಿ ಬರೆದು ಅದರ ಮೊದಲ ಅಕ್ಷರ ಹಿಡಿಯೋಣ, ಸುಬ್ಬುಲಕ್ಷ್ಮಿ ಮಧುರೈಯವರು, ಮ ಅಕ್ಷರಕ್ಕೆ ಬರಲಿ ಎಂಬುದು ನನ್ನ ವಾದ. "ಹಾಗಾದ್ರೆ ಗಂಗೂಬಾಯಿ ಹಾನಗಲ್ ಅವರನ್ನ ಏನು ಮಾಡ್ತೀರಿ ಮಾರಾಯ್ರೆ? ಅವರ ಊರು ಹಿಂದೆ ಇದೆಯಲ್ಲ" ಎಂದು ಮೇಷ್ಟ್ರು ಕೇಳಿದರು. ಸದ್ಯಕ್ಕೆ ಸ್ವಂತ ಹೆಸರೇ ಲೆಕ್ಕ ಎಂದು ತೀರ್ಮಾನ ಆಗಿದೆ. ನಾನು ಒಪ್ಪಿಲ್ಲ, ಸುಮ್ಮನಿದ್ದೇನೆ ಅಷ್ಟೇ.

ಆದರೆ ನನ್ನ ದೊಡ್ಡ ಕಾರಣ ಬೇರೆ ಇದೆ. ಅಕ್ಷರ ಎಂಬುದು ಈ ಸಂಗೀತದ ಮೇಲೆ ನಾವು ಆಟಕ್ಕಾಗಿ ಹೇರಿದ ನಿಯಮ ಅಲ್ಲ. ಮೇಳಕರ್ತ ರಾಗಗಳಿಗೆ, ಅಂದರೆ ಬೇರೆ ರಾಗಗಳಿಗೆ ಮೂಲವಾದ ರಾಗಗಳಿಗೆ, ಹೆಸರಿಟ್ಟಿರುವುದೇ ಅಕ್ಷರ ಎಣಿಸಿ. 17ನೇ ಶತಮಾನದಲ್ಲಿ ವೆಂಕಟಮಖಿ 72 ಮೇಳಗಳ ಲೆಕ್ಕ ಹಾಕಿದ. ಈಗ ನಾವು ಹೇಳುವ ಕನಕಾಂಗಿ, ರತ್ನಾಂಗಿ ಹೆಸರುಗಳು ಆಮೇಲೆ ಬಂದವು. ಇವುಗಳಿಗೆ ಕಟಪಯಾದಿ ಸೂತ್ರ ಇದೆ. ಕ, ಟ, ಪ, ಯ ನಾಲ್ಕಕ್ಕೂ ಒಂದು. ಅಲ್ಲಿಂದ ಮುಂದಿನ ಅಕ್ಷರಗಳಿಗೆ ಎರಡು, ಮೂರು ಹೀಗೆ. ಞ, ನ ಮತ್ತು ಸ್ವರಾಕ್ಷರಗಳು ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ತೆಗೆದು ತಿರುಗಿಸಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು. ತಿರುಗಿಸಿದರೆ 15.

ತೋಡಿ ದಿನದ ಗಲಾಟೆ ಶುರುವಾಗಿದ್ದೇ ಇಲ್ಲಿ. ಅದು ತ ಅಕ್ಷರಕ್ಕೋ, ಹನುಮತೋಡಿ ಎಂದು ಹ ಅಕ್ಷರಕ್ಕೋ? ಅಕ್ಕ ಲೆಕ್ಕ ಹಾಕಿ ಕಳಿಸಿದರು. ಬರೀ ತೋಡಿ ಎಂದರೆ ತ ಆರು, ಡ ಮೂರು, ತಿರುಗಿಸಿದರೆ 36. ಅದು ಚಲನಾಟದ ಜಾಗ. ತೋಡಿಯ ಜಾಗ 8. ಅದಕ್ಕೇ ಮುಂದೆ ಹನುಮ ಬಂದು ಕೂತ. ಹ ಎಂಟು, ನ ಸೊನ್ನೆ. ಶಂಕರಾಭರಣದ್ದು ಇನ್ನೂ ಮಜಾ. ಶ ಐದು, ಕ ಒಂದು. ತಿರುಗಿಸಿದರೆ ಮತ್ತೆ 15! ನಾವೆಲ್ಲ ಸರಳೆ ವರಸೆ ಕಲಿತ ಮಾಯಾಮಾಳವಗೌಳದ ಮನೆಗೇ ನುಗ್ಗಿದ ಹಾಗಾಯಿತು. ಮುಂದೆ ಧೀರ ಸೇರಿಸಿದ ಮೇಲೆ 29 ಆಗಿ ಅದರ ಜಾಗ ಅದಕ್ಕೆ ಸಿಕ್ಕಿತು. ನಾನು ಚಿಕ್ಕಂದಿನಿಂದ ಧೀರ ಎಂಬುದನ್ನು ಸುಮ್ನೆ ಗೌರವಕ್ಕೆ ಸೇರಿಸಿದ್ದು ಎಂದುಕೊಂಡಿದ್ದೆ. ವಿದ್ವಾಂಸರಿಗೆ ಇದು ಹಳೇ ವಿಷಯ ಇರಬಹುದು. ನಮ್ಮಂಥ ಕೇಳುಗರಿಗೆ ಯಾರು ಹೇಳಿಕೊಡುತ್ತಾರೆ?

ಋ ದಿನ ಇದಕ್ಕಿಂತ ಚೆಂದದ ಜಗಳ ಆಯಿತು. ಇರುವ ಒಂದೇ ಉತ್ತರ ಋಷಭಪ್ರಿಯ ಎಂದುಕೊಂಡು ಎಲ್ಲರೂ ಕಾದಿದ್ದೆವು. ಅದು 62ನೇ ಮೇಳ. ಹೊರದೇಶದ ಹುಡುಗ ತಕರಾರು ತೆಗೆದ. ಋ ಸ್ವರಾಕ್ಷರ, ಅಂದರೆ ಸೊನ್ನೆ. ಷ ಆರು. ತಿರುಗಿಸಿದರೆ 60, ಅದು ನೀತಿಮತಿ. 62 ಬರಬೇಕಾದರೆ ರಿಷಭಪ್ರಿಯ ಎಂದೇ ಓದಬೇಕು, ರ ಎರಡು. ಹಾಗಾಗಿ ಉತ್ತರ ರ ದಿನಕ್ಕೆ ಹೋಗಬೇಕು! ಆ ರಾತ್ರಿ ಯಾರಿಗೂ ಅಂಕ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ, ಈ ಜಗಳ ಹುಟ್ಟುವುದೇ ಇಲ್ಲ.

ಊರಿನ ವಿಷಯವೂ ಬರುತ್ತಿರುತ್ತದೆ. ಪ ದಿನ ಪುರಂದರದಾಸರು ಹುಟ್ಟಿದ್ದು ಮಹಾರಾಷ್ಟ್ರದ ಪುರಂದರಗಡದಲ್ಲಿ ಎಂದು ಯಾರೋ ಹಾಕಿದರು. ತೀರ್ಥಹಳ್ಳಿ ಅಕ್ಕ ಬಿಡುತ್ತಾರಾ? ನಮ್ಮ ಆರಗದಲ್ಲಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ ಎಂದು ಕೂತರು. ಪ್ರಶ್ನೆ ಇದ್ದಿದ್ದು ದಾಸರು ಹೊಸದಾಗಿ ಕಲಿಯುವವರಿಗೆ ರಚಿಸಿದ ಪಿಳ್ಳಾರಿ ಗೀತೆ ಬಗ್ಗೆ, ಅದು ಅಲ್ಲೇ ಉಳಿಯಿತು. ಗ ದಿನ ರಾಗದಲ್ಲಿ ಕಾವ್ಯ ಓದುವ ಗಮಕ ಬಂದಾಗ ತುಂಗೆಯ ದಡದ ಹೊಸಹಳ್ಳಿಯ ಮಾತು ಬಂತು. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಕಾವ್ಯವಾಚನವನ್ನು ಶಾಸ್ತ್ರೀಯ ಸಂಗೀತದ ಆಟಕ್ಕೆ ಸೇರಿಸಬೇಕೇ ಎಂದು ಒಬ್ಬರು ಕೇಳಿದರು. ರಾಗ ಬೇಕು, ಶ್ರುತಿ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು, ಇನ್ನೇನು ಬೇಕು? ಸೇರಿಸಿದೆವು.

ಅ ದಿನ ಮಾತ್ರ ಒಂದು ತಿದ್ದುಪಡಿ ಇದೆ. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದಲ್ಲಿ ಅಮೃತವರ್ಷಿಣಿ ಹಾಡಿ ಮಳೆ ತರಿಸಿದರು ಎಂಬ ಕಥೆ ನಿಮಗೂ ಗೊತ್ತಿರಬಹುದು. ಜುಲೈ ತಿಂಗಳಲ್ಲಿ ಆಟ ಅ ಅಕ್ಷರಕ್ಕೆ ಬಂದರೆ ಮಲೆನಾಡಿನವರು ಆ ರಾಗದ ಹೆಸರು ಬರೆದರೆ ಸಾಕು, ಹಾಡುವ ಹಾಗಿಲ್ಲ. ಮಳೆ ಜಾಸ್ತಿಯಾಗಿ ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂದಾಗ ಯಾರು ಹೊಣೆ?

ಇಂಗ್ಲಿಷ್ ಬೇಕೋ ಬೇಡವೋ ಎಂದು ಗುಂಪಿನಲ್ಲಿ ಪೋಲ್ ಹಾಕಿದ್ದಾರೆ. ಈವರೆಗೆ ನಮ್ಮ ಕಡೆಯೇ ಮುಂದಿದೆ, ಆದರೆ ಹೊಸದಾಗಿ ಸೇರಿದವರು ಇನ್ನೂ ಒತ್ತಿಲ್ಲ. ಅಷ್ಟರೊಳಗೆ ಈ ಸುತ್ತಿನ ಠ ನಾಳೆ ಬರುತ್ತದೆ, ಪ್ರಶ್ನೆ ಕೇಳುವ ಸರದಿ ನನ್ನದು. ಠುಮ್ರಿ, ಠಾಯ ಎರಡನ್ನೂ ಬಿಟ್ಟು ಬೇರೆ ಏನಾದರೂ ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಹಾಕಿ. ಗೂಗಲ್ ಮಾಡಬಾರದು ಎಂಬ ನಿಯಮ ಉತ್ತರ ಹೇಳುವವರಿಗೆ ಮಾತ್ರ.