ದ್ರಾಕ್ಷಿ ಪಡದ ಮೈಲುತುತ್ತಕ್ಕೆ ಮಿತಿ ಬೇಕಾ?

ಪರ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿಯಿತೆಂದರೆ ಬೂಷ್ಟು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದು ಶುರು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು. ಕುಡುಗೋಲಿನ ತುದಿ ಅದ್ದಿ ನೋಡುತ್ತಾರೆ. ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪೇ ತಾಮ್ರ. ಎಲೆಗೆ ಹೊಡೆದದ್ದು ಮಳೆಗೆ ತೊಳೆದು, ಎಲೆ ಉದುರಿ, ಕೊನೆಗೆ ಮಣ್ಣಿಗೇ ಬರುತ್ತದೆ. ಲೋಹ ಕೊಳೆಯುವುದಿಲ್ಲ.

ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 400 ಲೀಟರ್ ಹೊಡೆದರೆ ಒಂದೇ ಸಲಕ್ಕೆ 1 ಕಿಲೋ ತಾಮ್ರ ಬಿತ್ತು. ಯುರೋಪ್ ಒಕ್ಕೂಟದ ಮಿತಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕಿಲೋ. ಎರಡನೇ ಸಲಕ್ಕೇ ನಾವು ದಾಟಿದೆವು.

ಬಳ್ಳಿಯ ಬೇರು ಆಳದಲ್ಲಿದೆ, ಅದಕ್ಕೆ ಬೇಗ ತಾಗುವುದಿಲ್ಲ. ತಾಮ್ರ ಕೂರುವುದು ಮೇಲಿನ ಗೇಣು ಮಣ್ಣಿನಲ್ಲಿ, ಎರೆಹುಳು ಇರುವುದೂ ಅಲ್ಲೇ. ನೀರಿನ ಜೊತೆ ಕೃಷಿ ಹೊಂಡಕ್ಕೆ ಹರಿದರೆ ಮೀನಿಗೂ ವಿಷ. ನಾಳೆ ಪಡ ಕಿತ್ತು ಉಳ್ಳಾಗಡ್ಡಿ ಹಾಕಿದರೆ ಅದರ ಬೇರೂ ಅದೇ ಗೇಣಿನಲ್ಲೇ ಇರಬೇಕು, ಅಲ್ವಾ? ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ತಾಮ್ರವೇನೋ ಇದೆ. ಆದರೆ ಅದು ಕಡಿಮೆ ಇದೆಯಾ ಅಂತ ನೋಡಲಿಕ್ಕೆ!

ವಿರೋಧ

ಲೆಕ್ಕ ಸರಿ. ಆದರೆ ಮೋಡ ಮುಚ್ಚಿದ ದಿನ ಎಲೆ ಮಗುಚಿ ನೋಡುವವರು ನಾವು. ಎಲೆಯ ಹಿಂದೆ ಬಿಳಿ ಬೂಷ್ಟು ಕಂಡರೆ ಡೌನಿ ರೋಗ ಬಂತು ಅಂತಲೇ. ಹೂವಿನ ಹೊತ್ತಿಗೆ ಬಂದರೆ ಗೊಂಚಲೇ ಒಣಗುತ್ತದೆ, ಸಾಲ ಮಾತ್ರ ಹಸಿಯಾಗಿರುತ್ತದೆ. ದುಬಾರಿ ಔಷಧಿಗಳಿಗೆ ರೋಗ ಒಗ್ಗಿಕೊಳ್ಳುತ್ತದೆ. 1880ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಈ ದ್ರಾವಣ ಇವತ್ತಿಗೂ ಕೆಲಸ ಮಾಡುತ್ತದೆ. ಮಿತಿ ಹಾಕಿದ ಯುರೋಪೂ ಅದನ್ನು ಪೂರ್ತಿ ಬಿಟ್ಟಿಲ್ಲ, ಸಾವಯವ ದ್ರಾಕ್ಷಿಯಲ್ಲೂ ಬಿಟ್ಟಿಲ್ಲ.

ನಮ್ಮದು ಸುಣ್ಣದಂಶ ಜಾಸ್ತಿ ಇರುವ ಎರೆ ಭೂಮಿ. ಹುಳಿ ಮಣ್ಣಿನ ಹಾಗೆ ತಾಮ್ರವನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿನ ಅಂಕಿ ಇಲ್ಲಿಗೆ ಅಂಟಿಸಿದರೆ ಹೇಗೆ? ಎರೆಹುಳುವಿನ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ. ಆದರೂ ತಾಮ್ರ ಬೆಳೆಗೆ ಚೂರಾದರೂ ಬೇಕು. ರಂಜಕದ ಗೊಬ್ಬರದ ಜೊತೆ ಬರುವ ಕ್ಯಾಡ್ಮಿಯಂ ಎಂಬ ವಿಷಲೋಹ ಯಾವ ಬೆಳೆಗೂ ಬೇಡ. ಅದಕ್ಕೆ ಕಾರ್ಡಿನಲ್ಲಿ ಜಾಗವೇ ಇಲ್ಲ.

ಸುಮ್ನೆ ಎಲ್ಲರಿಗೂ ಒಂದೇ ಗೆರೆ ಎಳೆಯಬೇಡಿ. ನನ್ನ ಪಡದ ಮಣ್ಣಿನಲ್ಲಿ ಎಷ್ಟು ಕೂತಿದೆ ಅಂತ ಅಳೆದು ಹೇಳಿ. ಮುಂದಿನ ಚಾಟ್ನಿಗೆ ಒಂದು ಸಲ ಕಡಿಮೆ ಹೊಡೆಯುತ್ತೇನೆ.